ಗೇಟಿನಲ್ಲಿ ನಗಿಸುತ್ತಿದ್ದವರು

ಅವರು ಹೋಗಿ ಐದು ತಿಂಗಳಾಯಿತು. ಶಹಾಬಾದ್ ಹತ್ತಿರ, ಭಂಕೂರಿನ ಆಚೆಗಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಗೇಟಿನಲ್ಲಿ ದಿನಾ ಮುಂಜಾನೆ ಅವರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಾನು ನಿಲ್ಲುತ್ತೇನೆ. ಕೆಲಸಕ್ಕೆ ಬರುವ ಮೂವತ್ತು ನಲವತ್ತು ಮಂದಿಯ ಮುಖ ನೋಡಿ ಇವತ್ತು ಯಾರು ಖಣಿಗೆ ಇಳಿಯಬಹುದು, ಯಾರು ಇಳಿಯಬಾರದು ಎಂದು ಹೇಳಬೇಕು. ಮುಖ ನೋಡಿ ಆರೋಗ್ಯ ಹೇಳುವ ವಿಷಯದಲ್ಲಿ ನನ್ನ ಮೇಲೆ ನನಗೇ ನಂಬಿಕೆ ಉಳಿದಿಲ್ಲ. ಹಾಡುಹಗಲಲ್ಲಿ, ಇಪ್ಪತ್ತು ಅಡಿ ದೂರದಲ್ಲಿದ್ದ ಒಂದು ಮುಖವನ್ನು ನಾನು ತಪ್ಪಾಗಿ ಓದಿದೆ. ಅದು ಅವರದೇ ಮುಖ.

ಅವರ ಹೆಸರು ಬರೆಯುವುದಿಲ್ಲ. ಅವರ ಮನೆಯವರು ಒಂದು ಮಾತನ್ನು ನಂಬಿಕೊಂಡು ಸಮಾಧಾನದಿಂದ ಇದ್ದಾರೆ. ಅದನ್ನು ಕೆಡಿಸುವ ಮನಸ್ಸು ನನಗಿಲ್ಲ. ಖಣಿಯಲ್ಲಿ ಅವರಿಗೆ ಎಲ್ಲರೂ ಕಾಕಾ ಅನ್ನುತ್ತಿದ್ದರು. ಕೂಲಿಯವರನ್ನು ಕೆಲಸಕ್ಕೆ ಹಚ್ಚಿ ಅವರ ಮೇಲೆ ನಿಗಾ ಇಡುವ ಮುಕಾದಮ ಅವರು. ಮಾಲಕರೂ ಕಾಕಾ ಅನ್ನುತ್ತಿದ್ದರು, ಅವರಿಗಿಂತ ವಯಸ್ಸಾದ ಕಲ್ಲೊಡೆಯುವ ಮುದುಕರೂ ಕಾಕಾ ಅನ್ನುತ್ತಿದ್ದರು.

ತೆಲುಗು ಗಡಿಗೆ ಹತ್ತಿದ ಸೇಡಂ ತಾಲ್ಲೂಕಿನ ಮುಧೋಳದ ಕಡೆಯವರು. ಹದಿನೇಳನೇ ವಯಸ್ಸಿಗೆ ಶಹಾಬಾದಿಗೆ ಬಂದು ಸುತ್ತಿಗೆ ಹಿಡಿದವರು ತಿರುಗಿ ಹೋಗಲಿಲ್ಲ. ಸಿಟ್ಟು ಬಂದಾಗ ಮಾತ್ರ ತೆಲುಗು ಬರುತ್ತಿತ್ತು, ಅದೂ ಎರಡೇ ಶಬ್ದ. ಕುಳ್ಳ ಮೈ. ಕೆಂಪು ಚೌಕಳಿಯ ಟವೆಲ್ ತಲೆಗೆ ಸುತ್ತಿಕೊಳ್ಳುತ್ತಿದ್ದರು. ಮೇಲಿನ ಸಾಲಿನ ಹಲ್ಲು ಮುಂದೆ ಇದ್ದದ್ದರಿಂದ ಸುಮ್ಮನೆ ಕುಳಿತಾಗಲೂ ನಗುತ್ತಿದ್ದಾರೆ ಅನಿಸುತ್ತಿತ್ತು. ಸತ್ತವರ ಮನೆಗೆ ಹೋದರೆ ಟವೆಲ್ಲನ್ನು ತಲೆಯಿಂದ ಬಿಚ್ಚಿ ಬಾಯಿಗೆ ಅಡ್ಡ ಹಿಡಿದುಕೊಂಡೇ ಕೂರುವರು. ಒಮ್ಮೆ ಅಂಥ ಒಂದು ಮನೆಯಿಂದ ಹೊರಗೆ ಬಂದಮೇಲೆ ನನಗೆ ಹೇಳಿದ್ದರು: “ನನ್ನ ಮಾರಿಗಿ ದುಃಖ ಮಾಡಲಿಕ್ಕೇ ಬರಂಗಿಲ್ರಿ ಸರ್. ದೇವರು ಒಂದೇ ನಮೂನಿ ಮಾಡ್ಯಾನ. ನೋಡಿದವರು ಏನಂತಾರ? ಹೆಣದ ಮುಂದ ಕುಂತು ಹಲ್ಲ ಕಿಸೀಲಿಕತ್ತಾನ ಅಂತಾರ.”

ಅವತ್ತು ಇಬ್ಬರೂ ನಕ್ಕಿದ್ದೆವು. ಈಗ ಆ ಮಾತು ನೆನಪಾದಾಗ ಕೈ ಮಾಡುತ್ತಿದ್ದ ಕೆಲಸ ನಿಂತುಬಿಡುತ್ತದೆ.

ನಾನು ಚಿತ್ತಾಪುರದವನು. ಬಿ.ಎಸ್ಸಿ. ಮುಗಿಸಿ, ಮೇಲೆ ಕಾರ್ಖಾನೆ ಸುರಕ್ಷತೆಯ ಒಂದು ವರ್ಷದ ಡಿಪ್ಲೊಮಾ ಮಾಡಿದ್ದೆ. ಖಣಿಯ ಕಾಗದಪತ್ರದಲ್ಲಿ ಅಂಥ ಒಬ್ಬ ಮನುಷ್ಯ ಇರಬೇಕಾಗಿತ್ತು, ಹಾಗಾಗಿ ನನ್ನನ್ನು ತಗೊಂಡರು. ತಗಡಿನ ಒಂದು ಕೋಣೆ, ಒಂದು ಬಿಪಿ ಮಷಿನ್, ಒಂದು ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಚಿಕ್ಕ ಯಂತ್ರ, ಗೋಡೆಗೆ ‘ತೂಗುವ ಕಲ್ಲಿನ ಕೆಳಗೆ ನಿಲ್ಲಬಾರದು’ ಎಂಬ ಹಲಗೆ. ಆ ಹಲಗೆಯನ್ನು ನಾನೇ ಬರೆಸಿದ್ದು.

ಮೊದಲ ದಿನ ಗೇಟಿಗೆ ಹೋದಾಗ ಕೂಲಿಯವರೆಲ್ಲ ಬೇವಿನ ಗಿಡದ ಕೆಳಗೆ ಸಾಲಾಗಿ ನಿಂತಿದ್ದರು. ಕಾಕಾ ಒಂದು ಮುರಿದ ಫರಸಿಯ ಮೇಲೆ ಹತ್ತಿ ನಿಂತು ಜೋಕು ಹೇಳುತ್ತಿದ್ದರು.

“ಚಿಂಚೋಳಿ ಕಡಿ ಒಬ್ಬ ಗೌಡ ಎಮ್ಮಿ ಮ್ಯಾಲ ಕುಂತು ಸಂತಿಗಿ ಹೊಂಟಿದ್ದ. ದಾರ್ಯಾಗ ಕೆರಿ ಬಂತು. ಎಮ್ಮಿಗೇನು, ನೀರ ಕಂಡತು, ಇಳದು ಕುಂತೇ ಬಿಡ್ತು. ಗೌಡ ಮ್ಯಾಲ ಇದ್ದಂವ ಇದ್ದಂಗೇ. ಕುತಗಿ ತನಕ ನೀರು. ರುಮಾಲ ಒಂದು ಒಣದು. ದಂಡಿ ಮ್ಯಾಲ ಹೋಗಂವ ಕೇಳ್ದ, ‘ಏನ್ ಗೌಡ್ರ, ಇವತ್ತ ಸಂತಿಗಿ ಹೋಗಂಗಿಲ್ಲೇನು?’ ಗೌಡ ಅಂದ, ‘ನಾ ಹೊಂಟೇ ಇದೀನಪಾ. ಎಮ್ಮಿ ಅಷ್ಟ ಕುಂತದ.’”

ಗೌಡನ ಮಾತು ಹೇಳುವಾಗ ಗದ್ದ ಮೇಲೆತ್ತಿ, ನೀರು ಬಾಯಿಗೆ ಬರಬಾರದೆಂಬಂತೆ ತುಟಿ ಬಿಗಿಹಿಡಿದು ಹೇಳುವರು. ಸಾಲು ನಗುತ್ತಿತ್ತು. ನಾನೂ ಮನಸಾರೆ ನಕ್ಕೆ. ಎರಡನೇ ದಿನವೂ ಅದೇ ಜೋಕು, ಅದೇ ಗದ್ದ, ಅದೇ ತುಟಿ. ಮೂರನೇ ದಿನವೂ. ವಾರ ಕಳೆದ ಮೇಲೆ ಕೇಳಿದೆ: “ಕಾಕಾ, ಬ್ಯಾರೆ ಜೋಕು ಬರಂಗಿಲ್ಲೇನ್ರಿ ನಿಮಗ?”

“ಬರತಾವ್ರಿ, ಭಾಳ ಬರತಾವ. ಖರೇ ಹೊಸಾದು ಹೇಳಿದ್ರ ಜ್ವರ ಬಂದಂವನೂ ನಗತಾನ. ಜೋಕು ನಗಸ್ತದ ಅವಗ. ಹಳೇದಕ್ಕ ಹಂಗಿಲ್ಲ, ತಾನೇ ನಗಬೇಕು. ಅದಕ್ಕ ಮೈಯಾಗ ಜರಾ ದಮ್ಮು ಬೇಕು. ನೀವ್ ಜೋಕು ಕೇಳಲಿಕತ್ತೀರಿ. ನಾ ಅವರ ಮಾರಿ ನೋಡಲಿಕತ್ತೀನಿ.”

ಆಗ ತಿಳಿಯಿತು, ಅದು ಅವರ ತಪಾಸಣೆ. ಖಣಿಯ ಕೆಲಸದವರ ಬಣ್ಣ ನೋಡಿ ಏನೂ ಹೇಳಲಾಗುವುದಿಲ್ಲ. ಕಲ್ಲಿನ ಬಿಳಿ ಹಿಟ್ಟು ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ ಎಷ್ಟು ತೊಳೆದರೂ ಉಳಿದಿರುತ್ತದೆ. ಯಾರ ಮುಖ ಬಿಳಿಚಿದೆ, ಯಾರದು ಇಲ್ಲ ಎಂದು ಹೇಗೆ ತಿಳಿಯಬೇಕು? ಮೈ ಹೇಗಿದೆ ಎಂದು ಕೇಳಿದರೆ ಎಲ್ಲರೂ ಆರಾಮ ಅನ್ನುತ್ತಾರೆ. ಆದ್ದರಿಂದ ಅವರು ನಗಿಸಿ ನೋಡುತ್ತಿದ್ದರು. ಯಾರ ನಗು ತುಟಿಯಲ್ಲೇ ನಿಂತಿತು, ಯಾರು ನಕ್ಕು ಮುಗಿಸುವಾಗ ಕೆಮ್ಮಿದರು, ಯಾರು ಪಕ್ಕದವರು ನಕ್ಕದ್ದು ನೋಡಿ ಆಮೇಲೆ ನಕ್ಕರು. ಕರೋನಾ ಕಾಲದಲ್ಲಿ ಎಲ್ಲರ ಬಾಯಿ ಮುಚ್ಚಿದಾಗ ತನಗೆ ಕಣ್ಣು ಕಟ್ಟಿದಂತಾಗಿತ್ತು ಅನ್ನುವರು. ದೂಳಿಗೆ ಮಾಸ್ಕ್ ಹಾಕಲೇಬೇಕು ಎಂದು ನಾನು ಹಟ ಹಿಡಿದಾಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಜೋಕು ಮುಗಿಯುವ ತನಕ ಬಾಯಿ ಅವರದು, ಮುಗಿದ ಮೇಲೆ ನನ್ನದು.

ಇಳಿಯಬಾರದು ಅನಿಸಿದವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಮನೆಗೆ ಹೋದರೆ ಅವತ್ತಿನ ಕೂಲಿ ಹೋಯಿತು. ಅದಕ್ಕೆ ಹೆದರಿ ನಾಳೆಯಿಂದ ಇನ್ನೂ ಚೆನ್ನಾಗಿ ನಗುವುದನ್ನು ಕಲಿತು ಬರುತ್ತಾರೆ ಎಂದು ಅವರಿಗೆ ಗೊತ್ತಿತ್ತು. ನೆರಳಿಗೆ ಹಾಕುತ್ತಿದ್ದರು. ಕಲ್ಲಿನ ಚಿಪ್ಪು ಆರಿಸುವುದು, ನೀರೆತ್ತುವ ಪಂಪು ಕಾಯುವುದು, ಚಹಾ ಕಾಸುವುದು. ಬರಬರುತ್ತ ಜೋಕಿನ ಎಮ್ಮೆ ಖಣಿಯವರ ಮಾತಿನೊಳಗೆ ಸೇರಿಕೊಂಡಿತ್ತು. ತಲೆ ಸುತ್ತುತ್ತದೆ, ಜ್ವರ ಬಂದಿದೆ ಎಂದು ಹೇಳಲು ನಾಚುವ ಗಂಡಸರೂ ಮೆಲ್ಲಗೆ ಬಂದು, “ಇವತ್ತ ಎಮ್ಮಿ ಕುಂತದ ಕಾಕಾ” ಅನ್ನುವರು. “ಕುಂದರಲಿ ಬಿಡಪಾ, ನೀನೂ ನೆರಳಿಗಿ ಕುಂದ್ರು” ಅನ್ನುವರು ಇವರು. ಮುಂದೆ ಪ್ರಶ್ನೆಯಿಲ್ಲ.

ನನಗೆ ಮೊದಮೊದಲು ಇದೆಲ್ಲ ಆಟ ಅನಿಸುತ್ತಿತ್ತು. ಒಮ್ಮೆ ಮಳಖೇಡದ ಕಡೆಯ ಒಬ್ಬ ಗಟ್ಟಿ ಆಳನ್ನು ಅವರು ನೆರಳಿಗೆ ಹಾಕಿದರು. ನಾನು ಬಿಪಿ ನೋಡಿದೆ, ಬೆರಳಿಗೆ ಯಂತ್ರ ಸಿಕ್ಕಿಸಿದೆ, ಎಲ್ಲ ಸರಿ ಇತ್ತು. “ಏನಾಗ್ಯಾದ್ರಿ ಇವಗ? ನಿಮಗಿಂತ ಗಟ್ಟಿ ಇದ್ದಾನ” ಎಂದೆ.

“ಗಟ್ಟಿ ಇದ್ದಾನ್ರಿ, ಇಲ್ಲ ಅನ್ನಂಗಿಲ್ಲ. ಮಂದಿ ನಕ್ಕು ಮುಗಿಸಿದ ಮ್ಯಾಲ ನಕ್ಕಾನ. ನಗಿ ಎಲ್ಲಿಂದೋ ಹೊತಗೊಂಡು ಬಂದಂಗ ತಂದ. ಎರಡ ದಿನ ನೋಡಣು.”

ಮೂರನೇ ದಿನ ಅವನ ಕಣ್ಣು ಹಳದಿಯಾದವು. ಕಾಮಾಲೆ. ಕಾಕಾ ನನ್ನ ಕೋಣೆಗೆ ಬಂದರು. ಬಿಪಿ ಮಷಿನ್ನಿನ ಮೇಲಿನ ದೂಳನ್ನು ಟವೆಲ್ಲಿನಿಂದ ಒರಸಿ, “ಇದೂ ಇರಲಿ, ಚಲೋನೇ ಅದ” ಅಂದರು.

ಹಾಗೆಂದು ಅವರು ತಪ್ಪುವುದೇ ಇಲ್ಲ ಎಂದಲ್ಲ. ನಾಲವಾರದಿಂದ ಹೊಸದಾಗಿ ಬಂದ ಒಬ್ಬನನ್ನು ಮೂರು ದಿನ ನೆರಳಿಗೆ ಹಾಕಿದ್ದರು. ಅವನು ಜೋಕಿಗೆ ತುಟಿ ಬಿಚ್ಚುತ್ತಲೇ ಇರಲಿಲ್ಲ. ನಾಲ್ಕನೇ ದಿನ ಅವನು ರೇಗಿ, “ಮುಂದಿನ ಹಲ್ಲ ನಾಕು ಇಲ್ಲ ನನಗ! ಹೆಣ್ಮಕ್ಕಳ ಮುಂದ ಬಾಯಿ ಹ್ಯಾಂಗ ತೆರೀಲಿ? ಅದಕ್ಕೇನ ಜಡ್ಡು ಅಂತೀರಿ?” ಎಂದು ಬಾಯಿ ಅಗಲಿಸಿ ತೋರಿಸಿಬಿಟ್ಟ. ಇಡೀ ಖಣಿ ನಕ್ಕಿತು. ಕಾಕಾ ನಗಲಿಲ್ಲ. ಎಲ್ಲರ ಮುಂದೆ ಅವನ ಎರಡೂ ಕೈ ಹಿಡಿದು, “ತಪ್ಪಾತಪಾ. ನನ್ನಾವು ಹೆಚ್ಚಿಗಿ ಅವ, ನಿನಗ ಕಡಿಮಿ ಬಿದ್ದಾವ” ಅಂದರು. ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡರು. ಹೊಸಬರು ಬಂದರೆ ಮೂರು ದಿನ ಜೋಕು ಹೇಳುವಾಗಲೂ, ಹೇಳದಾಗಲೂ, ಊಟಕ್ಕೆ ಕುಳಿತಾಗಲೂ ಅವರ ಮುಖ ನೋಡುವುದು. “ನಗೋದು ಅಳೋದು ದೊಡ್ಡದಲ್ರಿ ಸರ್. ದಿನಾ ಹ್ಯಾಂಗಿರತಾರ ಅದು ಗೊತ್ತಿರಬೇಕು. ಇವತ್ತ ಹಂಗ ಇಲ್ಲ ಅಂದ್ರ, ಆವಾಗ ಕೇಳಬೇಕು.” ಒಬ್ಬ ಒಂದು ದಿನ ಬಹಳ ಚೆನ್ನಾಗಿ ನಕ್ಕಾಗ ಅವನ ಹೆಗಲ ಮೇಲೆ ಕೈ ಇಟ್ಟು, “ಇಷ್ಟ ಚಂದ ನಗಬ್ಯಾಡ. ಎಲ್ಲಿ ನೋವದ, ಹೇಳು” ಅಂದದ್ದನ್ನು ನಾನೇ ಕೇಳಿದ್ದೇನೆ. ಸೊಂಟ ಹಿಡಿದಿತ್ತು ಅವನಿಗೆ.

ಈ ಕಟ್ಟಳೆಯ ದೊಡ್ಡ ಉದಾಹರಣೆ ನಾಗಮ್ಮ. ಖಣಿಯಲ್ಲಿ ನೀರು ಹೊರುವ, ಚಿಪ್ಪು ತುಂಬುವ ಹೆಂಗಸು, ನಲವತ್ತರ ಆಸುಪಾಸು. ಅವಳು ನಗುವುದೇ ಇಲ್ಲ. ಹುಬ್ಬು ಗಂಟು, ಬಾಯಿ ಕೆಳಗೆ ಇಳಿದದ್ದು, ನೋಡಿದರೆ ಹೊಟ್ಟೆನೋವಿನಿಂದ ಈಗಷ್ಟೇ ಎದ್ದು ಬಂದವಳಂತೆ. ಹೊಸಬರೆಲ್ಲ ಅವಳಿಗೆ “ಯಾಕವಾ, ಆರಾಮಿಲ್ಲೇನು?” ಎಂದು ಕೇಳಿಯೇ ಕೇಳುತ್ತಾರೆ. ನಾನೂ ಕೇಳಿದ್ದೆ. “ಆರಾಮ ಇದ್ದೀನಿ. ಮಾರೀನೇ ಹಿಂಗದ” ಎಂದು ಕೊಡ ಎತ್ತಿಕೊಂಡು ಹೋಗಿದ್ದಳು. ಖಣಿಯಲ್ಲಿ ಅವಳಷ್ಟು ಗಟ್ಟಿ ಮೈಯವರು ನಾಲ್ಕು ಮಂದಿ ಇರಲಿಕ್ಕಿಲ್ಲ. ಕಾಕಾ ಜೋಕು ಮುಗಿಸಿದಾಗಲೆಲ್ಲ ಅವಳದೊಂದು ಉತ್ತರ ಇರುತ್ತಿತ್ತು.

“ಗೌಡ ಎಮ್ಮಿ ಮ್ಯಾಲ ಕುಂತ. ಗೌಡನ ಹೆಂಡ್ತಿ ಚೀಲ ಹೊತಗೊಂಡು ನಡಕೋತ ಹೋಗಿ, ಸಂತಿ ಮಾಡಿ, ತಿರುಗಿ ಬಂದು ರೊಟ್ಟಿ ಬಡದಿರತಾಳ. ಇದರಾಗ ನಗೋದೇನದ?”

“ನಗಬ್ಯಾಡವಾ, ಹೋಗು ಒಳಗ” ಅನ್ನುವರು ಕಾಕಾ. ನನ್ನ ಕಡೆ ತಿರುಗಿ ಒಂದು ಸಲ ಹೇಳಿದ್ದರು: “ಇಕಿ ನಕ್ಕ ದಿನ ನನಗ ಹೇಳ್ರಿ ಸರ್. ಅವತ್ತ ಸೀದಾ ದವಾಖಾನಿಗಿ ಕರಕೊಂಡು ಹೋಗಬೇಕು.”

ಅವರದೇ ಮುಖವನ್ನು ಯಾರು ನೋಡುತ್ತಿದ್ದರು? ಯಾರೂ ಇಲ್ಲ. ಅವರ ದಿನದ ಮುಖವೇ ನಗು. ದವಡೆ ಊದಿಕೊಂಡು ಬಂದಾಗ ಎಲ್ಲರೂ ಬಾಯಲ್ಲಿ ಎಲೆಅಡಿಕೆ ಇದೆ ಅಂದುಕೊಂಡಿದ್ದೆವು. ಬಿಪಿ ನೋಡೋಣ ಬನ್ನಿ ಎಂದು ನಾನು ಎರಡು ಸಲ ಕರೆದಿದ್ದೆ. “ನಾ ನೋಡಂವ ಇದ್ದೀನ್ರಿ, ತೋರಸಂವ ಅಲ್ಲ” ಎಂದು ತಪ್ಪಿಸಿಕೊಂಡರು. ಮೂರನೇ ಸಲ ನಾನು ಕರೆಯಲಿಲ್ಲ. ಅವರು ಆರೋಗ್ಯವಾಗಿ ಕಾಣುತ್ತಿದ್ದರು. ಕಾಣುತ್ತಿದ್ದರು ಅನ್ನುವುದಕ್ಕಿಂತ ಹೆಚ್ಚಿನ ಕಾರಣ ನನ್ನ ಹತ್ತಿರ ಇರಲಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಖಣಿಯ ತಳದಿಂದ ದಪ್ಪನೆಯ ಒಂದು ಕಲ್ಲನ್ನು ಕ್ರೇನಿನಿಂದ ಎತ್ತುತ್ತಿದ್ದರು. ಕ್ರೇನು ಮೇಲಿನ ದಂಡೆಯಿಂದ ಹಿಂದಕ್ಕೆ ನಿಂತಿರುತ್ತದೆ, ಆಪರೇಟರ್ ಖಾಜಾನಿಗೆ ತಳ ಕಾಣುವುದಿಲ್ಲ. ಅವನಿಗೂ ನಮಗೂ ಇಬ್ಬರಿಗೂ ಕಾಣುವಂತೆ ಕಾಕಾ ದಂಡೆಯ ಮೇಲೆ ನಿಂತು ಕೈಸನ್ನೆ ಮಾಡುವರು. ಕೈ ತಿರುಗಿಸಿದರೆ ಮೇಲೆ, ಅಂಗೈ ಎತ್ತಿ ಹಿಡಿದರೆ ನಿಲ್ಲಿಸು, ಕೈ ಇಳಿಸಿದರೆ ಇಳಿಸು. ಇಷ್ಟೇ ಭಾಷೆ. ತಳದಲ್ಲಿ ನಾನು ಇದ್ದೆ, ಇಬ್ಬರು ಆಳುಗಳು ದೂರ ಗೋಡೆಗೆ ಒರಗಿ ನಿಂತಿದ್ದರು.

ಕಲ್ಲು ಎರಡು ಆಳೆತ್ತರ ಏರಿರಬೇಕು. ಒಂದು ಮೂಲೆ ವಾಲಿತು. ಕಾಕಾ ಅಂಗೈ ಎತ್ತಿದರು. ಕಲ್ಲು ಗಾಳಿಯಲ್ಲಿ ನಿಂತಿತು. ಸರಪಳಿ ಜಾರಿದೆಯೋ ಏನೋ, ಕೆಳಗಿನಿಂದ ಕೊಂಡಿ ನೋಡಬೇಕಿತ್ತು. ನಾನು ತಲೆಯೆತ್ತಿ ಅವರಿಗೆ ಕೈಯಲ್ಲೇ ಕೇಳಿದೆ, ಹೋಗಿ ನೋಡಲಾ?

ಅವರು ನನ್ನ ಕಡೆಯೇ ನೋಡುತ್ತಿದ್ದರು. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಬಿಳಿ ಹಿಟ್ಟು ಮೆತ್ತಿದ ಮುಖದಲ್ಲಿ ಹಲ್ಲುಗಳು ಪೂರಾ ಕಾಣುತ್ತಿದ್ದವು. ಕಣ್ಣು ಕಿರಿದಾಗಿದ್ದವು. ಬಿಸಿಲು ಅವರ ಮುಖಕ್ಕೇ ಹೊಡೆಯುತ್ತಿತ್ತು.

ನಗುತ್ತಿದ್ದಾರೆ ಅಂದುಕೊಂಡೆ. ಸೇಫ್ಟಿ ಸರ್ ತಾವೇ ಕಲ್ಲಿನ ಕೆಳಗೆ ಹೊರಟರಲ್ಲ ಎಂದು ನಗುತ್ತಿದ್ದಾರೆ, ಪರವಾ ಇಲ್ಲ ಹೋಗಿ ಅನ್ನುತ್ತಿದ್ದಾರೆ. ನಾನೂ ನಕ್ಕೆ. ನಕ್ಕು, ಕೈ ಬೀಸಿ, ನನ್ನದೇ ಹಲಗೆಯ ಮಾತು ಮರೆತು ಕಲ್ಲಿನ ಕೆಳಗೆ ಹೋದೆ.

ಇದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ಮುಖದ ಮೇಲೆಯೇ ನಿಲ್ಲುತ್ತೇನೆ. ಕಣ್ಣು ಕಿರಿದಾಗಿದ್ದವು, ನಿಜ, ಆದರೆ ಹುಬ್ಬು? ಹುಬ್ಬು ನಡುವೆ ಸೇರಿಕೊಂಡಿತ್ತು. ನಗುವಾಗ ಅವರ ಹುಬ್ಬು ಮೇಲೆ ಹೋಗುತ್ತಿತ್ತು. ಮೂರು ವರ್ಷ ದಿನಾ ನೋಡಿದ ಮುಖ ಅದು. ಹಲ್ಲು ನೋಡಿದೆ, ಹುಬ್ಬು ನೋಡಲಿಲ್ಲ.

ಅವರ ಕೈ ಇಳಿಯಿತು. ಇಳಿಸಿದ್ದಲ್ಲ, ಬಿದ್ದದ್ದು. ಖಾಜಾ ಅದನ್ನು ಇಳಿಸು ಎಂಬ ಸನ್ನೆ ಅಂದುಕೊಂಡ. ಬೇರೆ ಏನು ಅಂದುಕೊಳ್ಳಬೇಕಿತ್ತು? ಸರಪಳಿ ಕಿರ್ ಎಂದಿತು. ನನ್ನ ಸುತ್ತಲಿನ ಬಿಸಿಲು ಕಡಿಮೆಯಾಯಿತು. ನನಗೆ ಮೊದಲು ತಿಳಿದದ್ದು ಅಷ್ಟೇ, ಬಿಸಿಲು ಕಡಿಮೆಯಾದದ್ದು. ಕಾಲು ಏಳಲಿಲ್ಲ. ಮೇಲಿನಿಂದ ಒಂದು ಹೆಂಗಸಿನ ಕೂಗು, ಅದರ ಹಿಂದೆಯೇ ಗಾಜು ಒಡೆದ ಶಬ್ದ. ಕಲ್ಲು ನಿಂತಿತು. ಕೈ ಎತ್ತಿದ್ದರೆ ಅದರ ತಣ್ಣನೆಯ ಹೊಟ್ಟೆ ಮುಟ್ಟಬಹುದಿತ್ತು. ಗೋಡೆಯ ಹತ್ತಿರ ಇದ್ದ ಇಬ್ಬರು ಬಂದು ನನ್ನನ್ನು ತೋಳು ಹಿಡಿದು ಎಳೆದರು.

ಕೂಗಿದವಳು ನಾಗಮ್ಮ. ನೀರಿನ ಕೊಡ ಹೊತ್ತು ದಂಡೆಯ ಮೇಲೆ ಬರುತ್ತಿದ್ದವಳು ಕಾಕಾರ ಮುಖ ನೋಡಿದ್ದಾಳೆ, ಕೈ ಬಿದ್ದದ್ದು ನೋಡಿದ್ದಾಳೆ. ಕೂಗಿದ್ದು ಯಂತ್ರದ ಸದ್ದಿನಲ್ಲಿ ಖಾಜಾನಿಗೆ ಕೇಳಿಸಲಿಲ್ಲ. ತುಂಬಿದ ಸ್ಟೀಲಿನ ಕೊಡವನ್ನು ಎರಡೂ ಕೈಯಿಂದ ಕ್ರೇನಿನ ಗಾಜಿಗೆ ಎಸೆದಳು.

ನಾನು ಏಣಿ ಹತ್ತಿ ಮೇಲೆ ಬರುವಷ್ಟರಲ್ಲಿ ಅವರು ಮಗ್ಗುಲಾಗಿ ಬಿದ್ದಿದ್ದರು. ತಲೆ ನಾಗಮ್ಮನ ತೊಡೆಯ ಮೇಲೆ ಇತ್ತು. ಶಹಾಬಾದಿಗೆ ಜೀಪಿನಲ್ಲಿ ಒಯ್ದೆವು. ದಾರಿಯಲ್ಲೇ ಮುಗಿದಿತ್ತು. ಹೃದಯ ಅಂದರು ಡಾಕ್ಟರು. ಬೆಳಗಿನಿಂದಲೇ ನೋವು ಇದ್ದಿರಬೇಕು, ಯಾರಿಗೂ ಹೇಳಲಿಲ್ಲವೇ, ನಿಮಗೆ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದರು.

ನಾನು ಹೇಳಿದೆ: “ನಗಲಿಕತ್ತಿದ್ರು ಸರ್.”

ಅದೊಂದು ಮಾತು ನನ್ನ ಬಾಯಿಂದ ಹೊರಗೆ ಬಿತ್ತು. ಬಾಗಿಲಲ್ಲಿ ನಿಂತವರು ಕೇಳಿಸಿಕೊಂಡರು. ಸಂಜೆಯಾಗುವಷ್ಟರಲ್ಲಿ ಭಂಕೂರಿಗೆ ಗೊತ್ತಾಗಿತ್ತು, ಮರುದಿನ ಮುಧೋಳಕ್ಕೆ. ಕಾಕಾ ನಕ್ಕೊಂತ ಹೋದ್ರಂತ. ಮಣ್ಣಿಗೆ ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು. “ಪುಣ್ಯವಂತ ಬಿಡ್ರಿ, ಜಡ್ಡಿಲ್ಲ ಜಾಪತ್ತಿಲ್ಲ.” ಅವರ ಹೆಂಡತಿ ಮೂಲೆಯಲ್ಲಿ ಕುಳಿತಿದ್ದರು. ಮಡಿಲಲ್ಲಿ ಆ ಕೆಂಪು ಚೌಕಳಿಯ ಟವೆಲ್ ಇತ್ತು. ನನ್ನನ್ನು ಹತ್ತಿರ ಕರೆದರು.

“ನೀವ ಕಡೀಕ ನೋಡಿದವರಂತಲ್ರಿ ಸರ್. ಖರೇ ನಕ್ಕಿದ್ರಾ?”

ನನಗೆ ಅಷ್ಟು ಹೊತ್ತಿಗೆ ಗೊತ್ತಿತ್ತು. ದವಾಖಾನೆಯಿಂದ ತಿರುಗಿ ಬರುವಾಗ ಜೀಪಿನಲ್ಲಿ ನಾಗಮ್ಮ ಹೇಳಿದ್ದಳು. “ಅದು ನಗಿ ಅಲ್ರಿ ಸರ್. ನಮ್ಮವ್ವ ಸಾಯೋ ಮುಂದ ಹಿಂಗೇ ಹಲ್ಲ ಕಚ್ಚಿದ್ಲು. ನಗಾಕ ಬರಲಾರದಾಕಿ ನಾ, ನಗಿ ಯಾವುದು, ಅಲ್ಲದ್ದು ಯಾವುದು, ನನಗ ತಿಳೀತದ.”

ಆದರೂ ಆ ಹೆಂಗಸಿನ ಮುಂದೆ ನಾನು ಹೇಳಿದೆ: “ಹೌದ್ರಿ. ನಕ್ಕಿದ್ರು.”

ಅವರು ಟವೆಲ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ಅವರದು ಮಾರೀನೇ ಹಂಗ” ಅಂದರು.

ಖಾಜಾ ಕೆಲಸ ಬಿಟ್ಟ. ಹೋದ ತಿಂಗಳು ಚಿತ್ತಾಪುರಕ್ಕೆ ಹೋಗುವಾಗ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕ. ಗಾಡಿ ಬದಲಿಸಲು ನಿಂತಿದ್ದೆ. ಈಗ ಯಾವುದೋ ಗೋದಾಮಿನಲ್ಲಿ ಚೀಲ ಎಣಿಸುತ್ತಾನಂತೆ. “ಯಾರರೆ ಟಾಟಾ ಮಾಡಿದ್ರೂ ಜೀವ ಹಾರತದ ಸರ್. ಕೈ ಕೆಳಗ ಬರತದಲ್ಲ, ಅದು ನೋಡಲಿಕ್ಕಿ ಆಗವಲ್ದು” ಅಂದ. ಚಹಾ ಕುಡಿದೆವು. ಅವನ ಮುಖ ಇಳಿದಿತ್ತು. ನನ್ನದೂ ಇಳಿದಿರಬೇಕು. ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ನನ್ನ ಮುಖ ನೋಡುತ್ತಾಳೆ. ನಾನು ಹಲ್ಲು ತೋರಿಸುತ್ತೇನೆ. “ಆರಾಮ ಇದ್ದಿ ಬಿಡು” ಎಂದು ಒಳಗೆ ಹೋಗುತ್ತಾಳೆ. ಇಷ್ಟು ಸುಲಭವೇ ಇದು ಎಂದು ಪ್ರತಿ ಸಲ ಅನಿಸುತ್ತದೆ.

ಕಾಕಾ ಸತ್ತ ಮೇಲೆ ಮೊದಲ ದಿನ ಕೂಲಿಯವರು ಬಂದು ಬೇವಿನ ಗಿಡದ ಕೆಳಗೆ ತಾವಾಗಿಯೇ ಸಾಲು ನಿಂತರು. ಮುರಿದ ಫರಸಿಯ ಮೇಲೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಜೋಕು ಹೇಳುವ ಧೈರ್ಯ ನನಗೆ ಬರಲಿಲ್ಲ. ಎಲ್ಲರ ಬೆರಳಿಗೂ ಯಂತ್ರ ಸಿಕ್ಕಿಸಿ, ಹಣೆಗೆ ಥರ್ಮಾಮೀಟರ್ ಹಿಡಿದು ಒಳಗೆ ಬಿಟ್ಟೆ. ಅದಕ್ಕೆ ಒಂದು ಗಂಟೆ ಹಿಡಿಯಿತು. ಮಾಲಕರು ಫೋನು ಮಾಡಿ, ಸಂಶಯ ಬಂದವರಿಗೆ ಅಷ್ಟೇ ಮಷಿನ್ ಹಚ್ಚಿರಿ, ಉಳಿದವರನ್ನು ಬಿಡಿ ಅಂದರು. ಸಂಶಯ ಹೇಗೆ ಬರಬೇಕು ಎಂದು ಹೇಳಲಿಲ್ಲ. ನೆರಳಿನ ಕೆಲಸಕ್ಕೆ ಇಬ್ಬರಿಗಿಂತ ಹೆಚ್ಚು ಹಾಕಬೇಡಿ, ಮೂರನೆಯವರು ಮನೆಗೆ ಹೋಗಲಿ ಎಂದೂ ಹೇಳಿದರು.

ಹಾಗಾಗಿ ಒಂದು ವಾರದ ಮೇಲೆ ನಾನೇ ಆ ಫರಸಿಯ ಮೇಲೆ ಹತ್ತಿದೆ. ಗೌಡ, ಎಮ್ಮೆ, ಕೆರೆ, ರುಮಾಲು. ನನಗೆ ಗದ್ದ ಎತ್ತಲು ಬರುವುದಿಲ್ಲ, ಪಾಠ ಒಪ್ಪಿಸಿದಂತೆ ಹೇಳುತ್ತೇನೆ. ಅವರು ನಗುತ್ತಾರೆ. ಪಾಪ, ಬಹಳ ಚೆನ್ನಾಗಿ ನಗುತ್ತಾರೆ. ಮೂರನೆಯವರಾಗಬಾರದು ಎಂದು ನಗುತ್ತಾರೆ. ನಾನು ಅವರ ಹಲ್ಲಿನ ಬದಲು ಹುಬ್ಬು ನೋಡುತ್ತೇನೆ. ಒಂದು ದಿನ ಸರಿ ಹೋದರೆ ಮರುದಿನ ಇನ್ನೂ ಹೆಚ್ಚು ಹೆದರಿಕೆ. ಸಂಜೆ ಎಲ್ಲರೂ ಏಣಿ ಹತ್ತಿ ಮೇಲೆ ಬಂದು ಎಣಿಕೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಕೂತುಬಿಡುತ್ತೇನೆ, ಏಳಲು ಆಗುವುದಿಲ್ಲ.

ಮೊನ್ನೆ ಸೋಮವಾರ ಇಬ್ಬರು ತಾವಾಗಿಯೇ ಕೇಳಿಕೊಂಡು ಆಗಲೇ ನೆರಳಿಗೆ ಹೋಗಿದ್ದರು. ಜೋಕು ಹೇಳಿದೆ. ಎಮ್ಮಿ ಅಷ್ಟ ಕುಂತದ ಅಂದೆ. ಸಾಲು ನಕ್ಕಿತು. ಗೌಡನ ಹೆಂಡತಿಯ ಚೀಲದ ಮಾತು ಬರುತ್ತದೆಂದು ಅಭ್ಯಾಸಬಲದಿಂದ ಕಾದೆ. ಬರಲಿಲ್ಲ. ಸಾಲಿನ ಕೊನೆಗೆ ನೋಡಿದೆ. ನಾಗಮ್ಮ ನಗುತ್ತಿದ್ದಳು.

ಚೆಂದದ ನಗು. ತುಟಿ ಎರಡೂ ಕಡೆ ಸಮ ಎದ್ದಿತ್ತು, ಹಲ್ಲು ಕಾಣುತ್ತಿತ್ತು. ಪಕ್ಕದವಳು, “ಯವ್ವಾ, ಇವತ್ತ ಸೂರ್ಯ ಯಾವ ದಿಕ್ಕಿಗಿ ಹುಟ್ಯಾನ!” ಎಂದಳು. ಎಲ್ಲರೂ ತಿರುಗಿ ನೋಡಿ ಮತ್ತೆ ನಕ್ಕರು. ನಾನು ಫರಸಿಯಿಂದ ಇಳಿದೆ.

“ನಾಗಮ್ಮ, ನೀ ಈಕಡಿ ಬಾ.”

“ಯಾಕ್ರಿ?”

“ಒಳಗ ಹೋಗಬ್ಯಾಡ.”

“ನಕ್ಕೀನಲ್ರಿ ಸರ್! ಎಲ್ಲಾರೂ ನೋಡ್ಯಾರ, ಕೇಳ್ರಿ ಬೇಕಾದ್ರ.”

“ನಕ್ಕಿ. ಅದಕ್ಕೇ.”

ಅವಳ ನಗು ಇನ್ನೂ ಮುಖದ ಮೇಲೆ ಇತ್ತು, ಇಳಿಸಲು ಮರೆತವಳ ಹಾಗೆ. ಥರ್ಮಾಮೀಟರ್ ತರಲು ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ಕಾಕಾ ಕೇಳುತ್ತಿದ್ದ ಹಾಗೆ ಕೇಳಿದೆ.

“ಎಮ್ಮಿ ಕುಂತದೇನವಾ?”

ಅವಳು ಗೇಟಿನ ಸರಳು ಹಿಡಿದುಕೊಂಡಳು. ಬಾಯಿ ಮೆಲ್ಲಗೆ ಕೆಳಗೆ ಇಳಿಯಿತು, ಹುಬ್ಬು ಗಂಟಾಯಿತು. ನನಗೆ ಗೊತ್ತಿದ್ದ ನಾಗಮ್ಮನ ಮುಖ ತಿರುಗಿ ಬಂತು.

“ಮೂರ ದಿನ ಆತ್ರಿ,” ಅಂದಳು. “ಮೊನ್ನಿನೇ ಕುಂತದ.”

ಬೇರೆಯವರಿಗೆ ಒಳಗೆ ಹೋಗಲು ಹೇಳಿ ನಾನು ಜೀಪಿನ ಕೀಲಿ ತರಲು ಹೋದೆ.